ಸದಸ್ಯತ್ವದ ಚೀಟಿ ಸಿಗದ ಗ್ರಂಥಪಾಲ



ಗ್ರಂಥಾಲಯದಲ್ಲಿ ವರ್ಣಭೇದ ಎಂದೊಡನೆ ಕಣ್ಣ ಮುಂದೆ ಬರುವುದು ಓದುಗನ ಚಿತ್ರ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯ ಹುಡುಗನೊಬ್ಬ ಬಾಗಿಲವರೆಗೆ ಬಂದು ಬರಿಗೈಯಲ್ಲಿ ಹಿಂತಿರುಗುವ ಚಿತ್ರ. ಆದರೆ ಮೇಜಿನ ಆಚೆ ಕುಳಿತು ಪುಸ್ತಕ ಕೊಡುತ್ತಿದ್ದ ಕರಿಯ ಗ್ರಂಥಪಾಲರ ಪಾಡೇನಿತ್ತು? ಈ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಕೊನೆಗೆ ಅವರೇ ಕೇಳಬೇಕಾಯಿತು.

ಅವರಲ್ಲಿ ಮುಖ್ಯರಾದವರು ಇ.ಜೆ. ಜೋಸಿ. 1924ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಜೋಸಿ, ಹೊವಾರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಓದಿ, ಗ್ರಂಥಾಲಯ ವಿಜ್ಞಾನದಲ್ಲೂ ಸ್ನಾತಕೋತ್ತರ ಪದವಿ ಪಡೆದವರು. 1959ರಲ್ಲಿ ಜಾರ್ಜಿಯಾದ ಸವಾನ ಸ್ಟೇಟ್ ಕಾಲೇಜಿನ ಮುಖ್ಯ ಗ್ರಂಥಪಾಲರಾದರು. ಅದು ಕರಿಯರಿಗಾಗಿಯೇ ಇದ್ದ ಸರ್ಕಾರಿ ಕಾಲೇಜು. ಆದರೆ ರಾಜ್ಯದ ಗ್ರಂಥಪಾಲರ ಸಂಘಕ್ಕೆ ಸೇರಬಯಸಿದಾಗ ಸಿಕ್ಕ ಉತ್ತರ ನಿರಾಕರಣೆ. ಸಂಘದ ಸದಸ್ಯತ್ವ ಅಂಥ ದೊಡ್ಡ ವಿಷಯವೇ ಎಂದು ಯಾರಾದರೂ ಕೇಳಬಹುದು. ವೃತ್ತಿಯಲ್ಲಿರುವವರಿಗೆ ಅದರ ಬೆಲೆ ಗೊತ್ತು. ಸಹೋದ್ಯೋಗಿಗಳ ಪರಿಚಯ, ಹೊಸ ವಿಚಾರ, ಎಲ್ಲಿ ಹುದ್ದೆ ಖಾಲಿ ಇದೆ ಎಂಬ ಸುದ್ದಿ ಎಲ್ಲವೂ ಅಲ್ಲೇ ಸಿಗುವಂಥವು.

ಇನ್ನು 1876ರಲ್ಲಿ ಸ್ಥಾಪನೆಯಾದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಎಂಬ ರಾಷ್ಟ್ರೀಯ ಸಂಸ್ಥೆ. ಅದು ಕರಿಯರಿಗೆ ಸದಸ್ಯತ್ವ ಕೊಡುತ್ತಿತ್ತು, ನಿಜ. ಆದರೆ 1936ರಲ್ಲಿ ರಿಚ್ಮಂಡ್‌ನಲ್ಲಿ ಅದರ ಸಮ್ಮೇಳನ ನಡೆದಾಗ ಕರಿಯ ಪ್ರತಿನಿಧಿಗಳನ್ನು ಬೇರೆ ಸಾಲಿನಲ್ಲಿ ಕೂರಿಸಲಾಯಿತು; ಊಟದೊಡನೆ ನಡೆಯುವ ಸಭೆಗಳಿಗೆ ಅವರಿಗೆ ಪ್ರವೇಶವಿರಲಿಲ್ಲ. ಗದ್ದಲವಾದ ಮೇಲೆ ಸಂಸ್ಥೆ ನಿಯಮ ಬದಲಿಸಿತು. 1961ರಲ್ಲಿ, ಬಣ್ಣದ ಕಾರಣಕ್ಕೆ ಯಾರಿಗೂ ಗ್ರಂಥಾಲಯ ನಿರಾಕರಿಸಬಾರದೆಂದು ಘೋಷಿಸಿತು. ಓದುಗರ ಮಟ್ಟಿಗೆ ಮಾತು ಚೆನ್ನಾಗಿತ್ತು. ಕರಿಯರನ್ನು ಸೇರಿಸಿಕೊಳ್ಳದ ದಕ್ಷಿಣದ ಕೆಲವು ರಾಜ್ಯ ಸಂಘಗಳು ರಾಷ್ಟ್ರೀಯ ಸಂಸ್ಥೆಯ ಶಾಖೆಯ ಮಾನ್ಯತೆಯಿಂದ ಹೊರಗೆ ಉಳಿದವು. ಆದರೂ ರಾಷ್ಟ್ರೀಯ ಸಂಸ್ಥೆಯ ಪದಾಧಿಕಾರಿಗಳು ಆ ಸಂಘಗಳ ಸಭೆಗಳಿಗೆ ಹೋಗುವುದು, ಭಾಷಣ ಮಾಡುವುದು ನಿಲ್ಲಲಿಲ್ಲ! ಮಾನ್ಯತೆ ಇಲ್ಲ, ಮರ್ಯಾದೆ ಮಾತ್ರ ಹಾಗೇ ಇತ್ತು.

1964ರ ಬೇಸಿಗೆಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸಮ್ಮೇಳನ. ಮಿಸಿಸಿಪಿಯಲ್ಲಿ ನಾಗರಿಕ ಹಕ್ಕುಗಳ ಮೂವರು ಕಾರ್ಯಕರ್ತರು ಆ ಜೂನ್ 21ರಂದು ಕಾಣೆಯಾಗಿದ್ದರು. ಅವರ ಶವಗಳು ಸಿಕ್ಕಿದ್ದು ಆಗಸ್ಟ್‌ನಲ್ಲಿ. ಅಂಥ ದಿನಗಳಲ್ಲಿ, ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನು ಚೆನ್ನಾಗಿ ಆಚರಿಸಿದ್ದಕ್ಕೆ ಮಿಸಿಸಿಪಿ ಸಂಘಕ್ಕೆ ಗೌರವ ಸಲ್ಲಿಸಲಾಯಿತು. ಜೋಸಿ ಸಿಟ್ಟಿಗೆದ್ದರು. ಎದ್ದುನಿಂತು ಒಂದು ಗೊತ್ತುವಳಿ ಮಂಡಿಸಿದರು.

ಆ ಗೊತ್ತುವಳಿಯ ಜಾಣತನವನ್ನು ಗಮನಿಸಬೇಕು. ಅದು ಕೇಳಿದ್ದು ಇಷ್ಟೇ: ಶಾಖೆಯ ಮಾನ್ಯತೆಗೆ ಬೇಕಾದ ಷರತ್ತುಗಳನ್ನು ಪೂರೈಸದ ಯಾವುದೇ ರಾಜ್ಯ ಸಂಘದ ಸಭೆಗೆ ನಮ್ಮ ಪದಾಧಿಕಾರಿಗಳೂ ಸಿಬ್ಬಂದಿಯೂ ಅಧಿಕೃತವಾಗಿ ಆಗಲಿ, ಸಂಸ್ಥೆಯ ಖರ್ಚಿನಲ್ಲಾಗಲಿ ಹೋಗಬಾರದು. ಬೈಗುಳವಿಲ್ಲ, ಉಪದೇಶವಿಲ್ಲ. ಸಂಸ್ಥೆಯ ನಿಯಮವನ್ನು ಸಂಸ್ಥೆಯೇ ಪಾಲಿಸಲಿ ಎಂಬ ಬೇಡಿಕೆ. ಇದನ್ನು ತಳ್ಳಿಹಾಕುವುದು ಹೇಗೆ? ಗೊತ್ತುವಳಿ ಅಂಗೀಕಾರವಾಯಿತು. ದಕ್ಷಿಣದ ಸರ್ಕಾರಿ ಕಾಲೇಜೊಂದರಲ್ಲಿ ಸಂಬಳಕ್ಕಿದ್ದ ಮನುಷ್ಯ ತುಂಬಿದ ಸಭೆಯಲ್ಲಿ ಇಷ್ಟು ಹೇಳುವುದು ಆಗ ಸಣ್ಣ ಧೈರ್ಯವಲ್ಲ. ಮರುವರ್ಷ, 1965ರಲ್ಲಿ, ಜಾರ್ಜಿಯಾ ಸಂಘ ಜೋಸಿಯವರನ್ನು ತನ್ನ ಮೊದಲ ಕರಿಯ ಸದಸ್ಯನಾಗಿ ಸೇರಿಸಿಕೊಂಡಿತು.

ಬಾಗಿಲು ತೆರೆದರೂ ಒಳಗಿನ ಕುರ್ಚಿಗಳು ಸಿಗಲಿಲ್ಲ. ಸಮಿತಿಗಳಲ್ಲಿ, ಬಡ್ತಿಯ ಪಟ್ಟಿಗಳಲ್ಲಿ ಕರಿಯರ ಹೆಸರು ಅಪರೂಪ. ಹೀಗಾಗಿ 1970ರಲ್ಲಿ ಜೋಸಿ ಮತ್ತು ಸಂಗಡಿಗರು ಸಂಸ್ಥೆಯೊಳಗೇ ಕರಿಯ ಗ್ರಂಥಪಾಲರ ಕೂಟವನ್ನು ಕಟ್ಟಿದರು. 1984ರಲ್ಲಿ ಜೋಸಿ ರಾಷ್ಟ್ರೀಯ ಸಂಸ್ಥೆಗೇ ಅಧ್ಯಕ್ಷರಾದರು, 2009ರಲ್ಲಿ ತೀರಿಕೊಂಡರು.

ಆದರೆ ಎಲ್ಲರೂ ಗೊತ್ತುವಳಿ ಮಂಡಿಸುವ ಸ್ಥಾನದಲ್ಲಿರಲಿಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಪಾಟುಗಳಿಂದ ಪುಸ್ತಕ ತೆಗೆದು ಓದುಗರಿಗೆ ತಲುಪಿಸುತ್ತಿದ್ದವರು ಬಹುಪಾಲು ಕರಿಯರು. ವರ್ಷಗಟ್ಟಲೆ ದುಡಿದರೂ ಮೇಲಿನ ಮೆಟ್ಟಿಲು ಸಿಗುತ್ತಿರಲಿಲ್ಲ. 1971ರ ಜೂನ್‌ನಲ್ಲಿ ಅವರು ಕೆಲಸ ಬಿಟ್ಟು ವಾಚನಾಲಯದಲ್ಲಿ ಕುಳಿತು ಪ್ರತಿಭಟಿಸಿದರು. ಹಲವರು ನೌಕರಿ ಕಳೆದುಕೊಂಡರು. ಅವರ ಪರ ನಿಂತ ಬಿಳಿಯ ಅಧಿಕಾರಿ ಬಾರ್ಬರಾ ರಿಂಗರ್‌ಗೂ ಬಡ್ತಿ ತಪ್ಪಿತು. ಆಕೆ ನ್ಯಾಯಾಲಯದಲ್ಲಿ ಗೆದ್ದು 1973ರಲ್ಲಿ ಕಾಪಿರೈಟ್ ವಿಭಾಗದ ಮುಖ್ಯಸ್ಥೆಯಾದರು. ಕರಿಯ ನೌಕರ ಹೊವಾರ್ಡ್ ಕುಕ್ ಅವರ ದೂರು ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. 1975ರಲ್ಲಿ ಕೊಟ್ಟದ್ದು, ನೇಮಕ, ಬಡ್ತಿಗಳಲ್ಲಿ ತಾರತಮ್ಯ ನಡೆದಿದೆ ಎಂದು ನ್ಯಾಯಾಲಯ ಹೇಳಿದ್ದು 1992ರಲ್ಲಿ. ಆಮೇಲೆ 85 ಲಕ್ಷ ಡಾಲರ್ ಪರಿಹಾರದ ಒಪ್ಪಂದವಾಯಿತು. ದೂರು ಕೊಟ್ಟಾಗ ಹುಟ್ಟಿದ ಮಗು ತೀರ್ಪಿನ ಹೊತ್ತಿಗೆ ಕಾಲೇಜು ಸೇರುವ ವಯಸ್ಸು!

ಅದೇ ಲೈಬ್ರರಿಗೆ 2016ರಲ್ಲಿ ಮೊದಲ ಬಾರಿಗೆ ಕರಿಯ ಮಹಿಳೆಯೊಬ್ಬರು, ಕಾರ್ಲಾ ಹೇಡನ್, ಮುಖ್ಯಸ್ಥರಾದರು. ಹತ್ತು ವರ್ಷದ ಅವಧಿ ಮುಗಿಯುವ ಮೊದಲೇ, 2025ರ ಮೇ ತಿಂಗಳಲ್ಲಿ, ಒಂದು ಇ-ಮೇಲ್ ಮೂಲಕ ಅವರನ್ನು ವಜಾ ಮಾಡಲಾಯಿತು.