ಅನೇಕಾಂತವೂ ಪಾಪಪುಣ್ಯಗಳ ನಿಶ್ಚಯವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಅನೇಕಾಂತವನ್ನು ಕುರಿತು ವಿದ್ಯಾವಂತರಲ್ಲಿ ಒಂದು ಮಾತು ಬಳಕೆಗೆ ಬಂದಿದೆ. ವಸ್ತುವಿಗೆ ಅನಂತ ಧರ್ಮಗಳಿರುವುದರಿಂದ ಯಾರ ಮಾತೂ ಪೂರ್ಣ ಸತ್ಯವಲ್ಲ. ಆದಕಾರಣ ಒಬ್ಬನಿಗೆ ಪಾಪವಾದದ್ದು ಮತ್ತೊಬ್ಬನಿಗೆ ಪುಣ್ಯವಾದೀತು. ಸರಿತಪ್ಪುಗಳು ಅವರವರ ದೃಷ್ಟಿಗೆ ಬಿಟ್ಟವು ಎಂದು ಅವರು ಹೇಳುತ್ತಾರೆ. ಕೇಳುವುದಕ್ಕೆ ಉದಾರವಾಗಿ ತೋರುವ ಈ ಮಾತು ಜೈನಾಚಾರ್ಯರ ಮತವಲ್ಲ. ‘ಸ್ಯಾತ್’ ಎಂಬ ಪದಕ್ಕೆ ‘ಇದ್ದರೂ ಇರಬಹುದು’ ಎಂಬ ಅರ್ಥವಿಲ್ಲ; ‘ಒಂದು ಅಪೇಕ್ಷೆಯಿಂದ ಇದ್ದೇ ಇದೆ’ ಎಂಬುದು ಅದರ ಅರ್ಥ. ಕುರುಡರೂ ಆನೆಯೂ ಕೂಡಿದ ಕಥೆಯನ್ನು ಹೇಳುವವರು ಆನೆ ಇತ್ತೆಂಬುದನ್ನೇ ಮರೆಯುತ್ತಾರೆ. ಆನೆಯೇ ಇಲ್ಲದಿದ್ದರೆ ಆ ಕುರುಡರಲ್ಲಿ ಯಾರನ್ನೂ ತಪ್ಪೆನ್ನಲು ಬರುತ್ತಿರಲಿಲ್ಲ.

ಈ ವಿಚಾರಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯಲ್ಲಿ ಇದೇ ಪ್ರಶ್ನೆ ಕಥೆಯ ರೂಪದಲ್ಲಿ ನಿಂತಿದೆ. ಉಜ್ಜಯಿನಿಯ ಅರಸನಾದ ಯಶೋಧರನು ತನ್ನ ರಾಣಿ ಅಮೃತಮತಿಯು ಇರುಳಿನಲ್ಲಿ ಕುರೂಪಿಯಾದ ಮಾವುತನ ಬಳಿಗೆ ಹೋಗುವುದನ್ನು ಕಣ್ಣಾರೆ ಕಾಣುತ್ತಾನೆ. ಕೊಲ್ಲಲು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿಯು ಮಗನ ಮುಖ ಬಾಡಿದುದೇಕೆಂದು ಕೇಳಿದಾಗ, ಕಂಡದ್ದನ್ನು ಕನಸೆಂದು ಮರೆಸಿ ಹೇಳುತ್ತಾನೆ. ದುಃಸ್ವಪ್ನದ ಶಾಂತಿಗೆ ದೇವಿಗೆ ಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಬಲಿಯನ್ನು ಅವನು ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯಾದರೂ ಆಗಲೆಂದು ಅವಳು ಬೇಡಿದಾಗ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಯಶೋಧರನ ಪರವಾಗಿ ವಾದಿಸುವುದು ಸುಲಭ. ಹಿಟ್ಟಿಗೆ ಜೀವವಿಲ್ಲ, ನೊಂದ ಪ್ರಾಣಿ ಒಂದೂ ಇಲ್ಲ, ತಾಯಿಗೆ ಸಮಾಧಾನ, ಪ್ರಜೆಗಳಿಗೆ ಸಮ್ಮತ. ಫಲವನ್ನೇ ಎಣಿಸುವವನಾಗಲಿ ಲೋಕರೂಢಿಯನ್ನೇ ಪ್ರಮಾಣವೆನ್ನುವವನಾಗಲಿ ಇಲ್ಲಿ ತಪ್ಪು ಹಿಡಿಯಲಾರನು. ಕವಿ ಮಾತ್ರ ಹಿಡಿಯುತ್ತಾನೆ. ಕೊಲ್ಲುತ್ತೇನೆಂಬ ಸಂಕಲ್ಪದಿಂದ ಕೈ ಎತ್ತಿದ ಗಳಿಗೆಯಲ್ಲಿಯೇ ಹಿಂಸೆ ನಡೆದುಹೋಯಿತು.

ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಕುಂದಕುಂದಾಚಾರ್ಯರ ‘ಪ್ರವಚನಸಾರ’ದಲ್ಲಿ ಕಾಣಬಹುದು. ಜೀವಿ ಸಾಯಲಿ ಬಿಡಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ. ಸಮಿತಿಯಲ್ಲಿ ಎಚ್ಚರವಾಗಿರುವವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿಗೆ ಹುಳುವೊಂದು ಬಂದು ಸತ್ತರೆ ಅಲ್ಲಿ ಸಾವುಂಟು, ಹಿಂಸೆಯಿಲ್ಲ. ಯಶೋಧರನಲ್ಲಿ ಸಾವಿಲ್ಲ, ಹಿಂಸೆಯುಂಟು. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಈ ವಿಷಯವನ್ನು ತರ್ಕದ ಒರೆಗೆ ಹಚ್ಚಿದ್ದಾರೆ. ಪರರಿಗೆ ದುಃಖವಾದರೆ ಪಾಪ, ಸುಖವಾದರೆ ಪುಣ್ಯ ಎಂದು ಏಕಾಂತವಾಗಿ ಹೇಳಿದರೆ ಅಚೇತನ ವಸ್ತುವಿಗೂ ಕರ್ಮಬಂಧವನ್ನು ಹೇಳಬೇಕಾಗುತ್ತದೆ. ಕಾಲಿಗೆ ಚುಚ್ಚಿದ ಮುಳ್ಳಿಗೆ ಪಾಪ, ಹಸಿವಳಿಸಿದ ಹಾಲಿಗೆ ಪುಣ್ಯ ಎಂದಂತಾಯಿತು! ತನಗೆ ದುಃಖವಾದರೆ ಪುಣ್ಯ, ಸುಖವಾದರೆ ಪಾಪ ಎಂದರೂ ಕೆಲಸ ಸಾಗದು. ವೀತರಾಗನಾದ ಮುನಿಯೂ ಬಂಧಕ್ಕೆ ಒಳಗಾಗಬೇಕಾಗುತ್ತದೆ. ಸುಖದುಃಖಗಳು, ತನ್ನವಾಗಲಿ ಪರರವಾಗಲಿ, ವಿಶುದ್ಧಿಯ ಅಂಗವಾಗಿದ್ದರೆ ಪುಣ್ಯಾಸ್ರವ, ಸಂಕ್ಲೇಶದ ಅಂಗವಾಗಿದ್ದರೆ ಪಾಪಾಸ್ರವ ಎಂಬುದು ಆಚಾರ್ಯರ ನಿರ್ಣಯ. ಏಕಾಂತಗಳೆರಡನ್ನೂ ಖಂಡಿಸಿದ ಮೇಲೆ ಅವರು ‘ಎಲ್ಲವೂ ಅವರವರಿಗೆ ಕಂಡಂತೆ’ ಎಂದು ಕೈತೊಳೆದುಕೊಳ್ಳಲಿಲ್ಲ ಎಂಬುದು ಗಮನಾರ್ಹ.

ಇಲ್ಲಿ ಬಲವಾದ ಆಕ್ಷೇಪವೊಂದುಂಟು. ಪಾಪಪುಣ್ಯಗಳು ಭಾವವನ್ನು ಅವಲಂಬಿಸಿದ್ದರೆ ಮತ್ತೆ ಅವರವರ ಮನಸ್ಸಿಗೇ ಬಿಟ್ಟಂತಾಗಲಿಲ್ಲವೆ? ಆಗಲಿಲ್ಲ. ಜ್ವರವು ಇರುವುದು ರೋಗಿಯ ಮೈಯೊಳಗೆ. ಆದರೆ ‘ನನಗೆ ಜ್ವರವಿಲ್ಲ’ ಎಂಬ ಅವನ ಅಭಿಪ್ರಾಯದಿಂದ ಕಾವು ಇಳಿಯುವುದಿಲ್ಲ. ಕಷಾಯವೂ ಹಾಗೆಯೇ. ಅದು ಆತ್ಮನ ಪರಿಣಾಮ, ನಿಜವಾಗಿ ನಡೆದ ಸಂಗತಿ. ತಾನು ಯಾರನ್ನೂ ಕೊಲ್ಲಲಿಲ್ಲವೆಂದು ಯಶೋಧರನು ಎಷ್ಟು ನಂಬಿದರೂ ಆ ನಂಬಿಕೆ ಅವನನ್ನು ಕಾಯಲಿಲ್ಲ. ಒಳಗಿರುವುದೆಲ್ಲ ಬರಿಯ ಅಭಿಪ್ರಾಯವೆಂದು ಎಣಿಸುವುದೇ ಈ ಆಕ್ಷೇಪದ ದೋಷ.

ನಿಜವೇನೋ ಇದೆ, ತಿಳಿಯುವ ಬಗೆ ಹೇಗೆ? ಸಂಪೂರ್ಣ ಜ್ಞಾನ ಕೇವಲಿಗೆ ಮಾತ್ರ. ಶ್ರಾವಕನಿಗಿರುವುದು ಮತಿಜ್ಞಾನ, ಶ್ರುತಜ್ಞಾನ, ಅವೆರಡೂ ಕೆಡಬಹುದಾದವು. ಗದ್ದೆಯ ಪೈರಿಗೆ ಹುಳು ಬಿದ್ದಾಗ ಔಷಧಿ ಸಿಂಪಡಿಸಬೇಕೆ, ಸಿಂಪಡಿಸಿದರೆ ಎಷ್ಟು ಎಂದು ಕೇಳುವ ಜೈನ ರೈತನ ಸಂಕಟ ಸಣ್ಣದಲ್ಲ. ಉದ್ಯಮದ, ಆರಂಭದ ಹಿಂಸೆ ಗೃಹಸ್ಥನಿಗೆ ತಪ್ಪದೆಂದು ಶಾಸ್ತ್ರ ಒಪ್ಪಿದೆ. ಒಪ್ಪಿದ ಮಾತ್ರಕ್ಕೆ ಅದನ್ನು ಅಹಿಂಸೆಯೆಂದು ಕರೆದಿಲ್ಲ, ಆಲೋಚನೆ ಪ್ರತಿಕ್ರಮಣಗಳನ್ನು ಬಿಟ್ಟುಕೊಟ್ಟಿಲ್ಲ. ಆ ರೈತನ ಸಂಶಯವೆಲ್ಲ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಕುರಿತದ್ದು. ಜೀವಕ್ಕೆ ಬೆಲೆಯುಂಟೆ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಇದ್ದಿದ್ದರೆ ಸಂಕಟವೇ ಹುಟ್ಟುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಬೆಳಕೆಷ್ಟು ಕತ್ತಲೆಷ್ಟು ಎಂದು ಅಳೆಯಲಾರದವನು ನಡುಹಗಲನ್ನೂ ಶಂಕಿಸಬೇಕಾಗಿಲ್ಲ.

ಯಶೋಧರನಿಗಾದರೂ ಅರಿವಿನ ಕೊರತೆ ಇತ್ತೆನ್ನುವಂತಿಲ್ಲ. ಜೀವಬಲಿ ಸಲ್ಲದೆಂದು ತಾಯಿಗೆ ಹೇಳಿದಾಗಲೇ ಅವನು ಅರಿತಿದ್ದನು. ಅವನು ಜಾರಿದ್ದು ಅದಕ್ಕೂ ಮೊದಲು, ಕಂಡದ್ದನ್ನು ಕನಸೆಂದು ಹೇಳಿದ ಬೆಳಗಿನಲ್ಲಿ. ಆ ಸುಳ್ಳು ಇಲ್ಲದಿದ್ದರೆ ಶಾಂತಿಯ ಮಾತೇ ಬರುತ್ತಿರಲಿಲ್ಲ. ಓದುಗರು ಕೋಳಿಯ ಕೂಗಿಗೆ ಬೆಚ್ಚುತ್ತಾರೆ, ಈ ಚಿಕ್ಕ ಸುಳ್ಳನ್ನು ದಾಟಿಹೋಗುತ್ತಾರೆ.

ಮುಂದೆ ಈ ಕಥೆ ಹೇಳಲ್ಪಡುವ ಸ್ಥಳ ರಾಜಪುರದ ಚಂಡಮಾರಿಯ ಗುಡಿ. ಅಲ್ಲಿ ಬಲಿ ಕೊಡುವುದು ಪದ್ಧತಿ. ಅರಸ ಮಾರಿದತ್ತನಿಂದ ಹಿಡಿದು ಪುರಜನರವರೆಗೆ ಯಾರಿಗೂ ಅದರಲ್ಲಿ ಅಳುಕಿಲ್ಲ. ರೂಢಿಯೇ ಧರ್ಮವಾಗಿದ್ದರೆ ಬಲಿಗೆಂದು ಹಿಡಿತಂದ ಅಭಯರುಚಿ ಅಭಯಮತಿಯರೆಂಬ ಮಕ್ಕಳಿಗೆ ಆಡಲು ಒಂದು ಮಾತೂ ಉಳಿಯುತ್ತಿರಲಿಲ್ಲ. ಅಭಯರುಚಿಯು ಅರಸನೊಡನೆ ವಾದಕ್ಕೆ ಇಳಿಯುವುದಿಲ್ಲ. ಹಿಂದೆ ತಾನೇ ಯಶೋಧರನಾಗಿದ್ದುದನ್ನೂ, ತಂಗಿಯೇ ತಾಯಿ ಚಂದ್ರಮತಿಯಾಗಿದ್ದುದನ್ನೂ, ಇಬ್ಬರೂ ನವಿಲು ನಾಯಿಗಳಾಗಿ ಮೊದಲುಗೊಂಡು ಜನ್ಮಜನ್ಮಗಳಲ್ಲಿ ಹತರಾಗುತ್ತ ಬಂದು, ಕಡೆಗೆ ಕೋಳಿಗಳಾಗಿ ಕೂಗಿದಾಗ ಯಶೋಧರನ ಮಗನೇ ಆದ ಯಶೋಮತಿಯ ಬಾಣಕ್ಕೆ ಬಿದ್ದುದನ್ನೂ ಹೇಳುತ್ತಾನೆ. ಮಾರಿದತ್ತನು ಕೇಳುತ್ತಾನೆ. ಬಲಿ ನಿಲ್ಲುತ್ತದೆ; ಅರಸನು ರಾಜ್ಯವನ್ನು ಬಿಟ್ಟು ದೀಕ್ಷೆಗೊಳ್ಳುತ್ತಾನೆ.