ಎರಡು ಸ್ಟೇಷನ್ ನಡುವಿನ ಹೊಸಹಳ್ಳಿ



ದತ್ತಿ ಉಪನ್ಯಾಸವೆಂದರೆ ಒಂದು ಗಂಟೆ. ಆಕಾಶವಾಣಿಯಲ್ಲಾಗಿದ್ದರೆ ಹತ್ತು ನಿಮಿಷ ಕೊಟ್ಟು, ಬರೆದದ್ದನ್ನು ಮುಂಚೆಯೇ ತರಿಸಿಕೊಂಡು, ಹಾಳೆಯ ಗುಂಡುಪಿನ್ನನ್ನೂ ಕೀಳಿಸಿ ಒಳಗೆ ಕೂರಿಸುತ್ತಿದ್ದರು. ಹಾಳೆ ಸರಿಸಿದ ಸದ್ದು ಮೈಕಿಗೆ ಮಾತಿಗಿಂತ ಚೆನ್ನಾಗಿ ಕೇಳಿಸುತ್ತದೆ. ಇಲ್ಲಿ ಆ ಶಿಸ್ತಿಲ್ಲ, ನೀವೇ ಸಹಿಸಿಕೊಳ್ಳಬೇಕು.

ಕನ್ನಡ ರೇಡಿಯೊ ಕತೆಯನ್ನು ಮೈಸೂರಿನಿಂದ ತೆಗೆಯುವುದು ವಾಡಿಕೆ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಹೊರಟು ಮುಂದೆ ದೇಶದ್ದೇ ಆಯಿತು. ನಾನು ಮಾತ್ರ ಈ ಹೊಸಹಳ್ಳಿಯಿಂದ ತೆಗೆಯುತ್ತೇನೆ. 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಾಯಿಬಿಟ್ಟಾಗ ಕೂಡ್ಲಿಗಿ ಕಡೆಯ ಈ ಊರು ಇದ್ದದ್ದು ಮದರಾಸು ಪ್ರಾಂತ್ಯದಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಧಾರವಾಡ ಬಂದು ಕೂಡಿಕೊಂಡಿದ್ದು 1956ಕ್ಕೆ. ಅಷ್ಟರೊಳಗೇ ರೇಡಿಯೊ ಮುಳ್ಳು ಗಡಿ ದಾಟಿಯಾಗಿತ್ತು. ಸೆಟ್ಟು ಕೊಂಡು, ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿದವರ ಮನೆಯಲ್ಲಿ, ಅಷ್ಟೆ.

ಆಮೇಲೆ 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ. ಮುಳ್ಳನ್ನು ಒಂದು ಕಡೆ ತಿರುಗಿಸಿದರೆ ಧಾರವಾಡದ ಮಾತು. ಬೇಂದ್ರೆಯವರು ಸಲಹೆಗಾರರಾಗಿದ್ದ, ಲೇಖಕ ಎನ್ಕೆ ಕುಲಕರ್ಣಿ ದುಡಿದ ಕೇಂದ್ರ. ಇನ್ನೊಂದು ಕಡೆ ಬೆಂಗಳೂರಿನ ಗ್ರಾಮಸ್ಥರ ಕಾರ್ಯಕ್ರಮದ ಈರಣ್ಣ, ಅಂದರೆ ಎ.ಎಸ್. ಮೂರ್ತಿ. ಎರಡೂ ಸೊಗಸೇ. ಆದರೆ ಕೂಡ್ಲಿಗಿ, ಕೊಟ್ಟೂರು, ಹಡಗಲಿಯವರು ಆಡುವ ಕನ್ನಡ ಎರಡರಲ್ಲೂ ಇರಲಿಲ್ಲ. ನಡುವೆ ಬರೀ ಗರಗರ. ನಮ್ಮ ಸ್ಟೇಷನ್ ಅದೇ ಎಂದು ಯಾರಾದರೂ ಅಂದಿದ್ದರೆ ತಪ್ಪೇನಿರಲಿಲ್ಲ.

ರೈತರ ಕಾರ್ಯಕ್ರಮದ ಸಂವಾದ ನೆನಪಿಸಿಕೊಳ್ಳಿ. ಅಧಿಕಾರಿ ಹೇಳುತ್ತಾರೆ, ರೈತ ಕೇಳುತ್ತಾನೆ: "ಇದರಿಂದ ನಮಗೇನು ಲಾಭ ಸಾರ್?" ನಮ್ಮ ಕಡೆಯ ರೈತ ಹಾಗೆ ಕೇಳುವವನಲ್ಲ, ಬೆಳೆ ಹೋದರೆ ಸಾಲ ಯಾರು ತೀರಿಸ್ತಾರೆ ಅಂತ ಮೊದಲು ಕೇಳಿಯಾನು. ಪ್ರಶ್ನೆಯೂ ಉತ್ತರವೂ ಒಂದೇ ಲೇಖನಿಯಿಂದ ಬಂದಾಗ ಹೀಗೆಯೇ. ಭತ್ತದ ನಾಟಿಯ ವಿಚಾರ ಬಂದರೆ, ತುಂಗಭದ್ರೆಯ ನೀರು ಕಾಣದ ಮಸಾರಿ ಹೊಲದವರು ಅದನ್ನು ಮದುವೆಮನೆಯ ಸುದ್ದಿಯಂತೆ ಕೇಳಿ ಎದ್ದುಹೋಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಶೇಂಗಾ, ಸಜ್ಜೆ, ಮತ್ತು ಹವಾಮಾನ. ಕೊನೆಯದನ್ನು ನಂಬುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ.

ನನಗೆ ಹೆಚ್ಚು ಕಾಡುವುದು ಬೇರೆ. 'ಬರೆದು ಮುಂಚೆಯೇ ಕಳಿಸಿ' ಎಂಬ ನಿಯಮವೇ ಒಂದು ಅಗಸಿ ಬಾಗಿಲಾಗಿತ್ತು. ಹರಪನಹಳ್ಳಿಯಲ್ಲಿ ಹುಟ್ಟಿದ ಲೇಖಕ ಬೀಚಿಯಂಥವರಿಗೆ ಅದು ತಾನಾಗಿ ತೆರೆಯುತ್ತಿತ್ತು, ಕೈಯಲ್ಲಿ ಲೇಖನಿ ಇತ್ತು. ಅಕ್ಷರ ಕಲಿಯದೆ ಬುರ್ರಕಥೆಗಳನ್ನೆಲ್ಲ ಬಾಯಲ್ಲಿ ಹೊತ್ತು ತಿರುಗಿದ ದರೋಜಿ ಈರಮ್ಮನವರು ಯಾವ ಹಾಳೆ ಕಳಿಸಬೇಕಿತ್ತು? ಅಂಥವರಿಗೆ ಉಳಿದದ್ದು ಸಂದರ್ಶನವೊಂದೇ. ಎದುರಿಗೊಬ್ಬರು ಕೂತು, "ಆಮೇಲೆ?" ಎಂದು ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ಹಳೆಯ ಸಂದರ್ಶನಗಳಲ್ಲಿ ಹಲವು ಕೆಟ್ಟದ್ದು, ಕೇಳುವವರು ಉತ್ತರವನ್ನೂ ತಾವೇ ಹೇಳಿ "ಅಲ್ಲವೇ?" ಎಂದು ಮುಗಿಸಿದ್ದರಿಂದ. 1990ರ ದಶಕದಲ್ಲಿ ಹೊಸಪೇಟೆ ಕೇಂದ್ರ ಬಂದಮೇಲೆ ದೂರ ತಗ್ಗಿತು. ಟೇಪ್ ರೆಕಾರ್ಡರನ್ನು ಹೆಗಲಿಗೇರಿಸಿ ಬಸ್ಸು ಹತ್ತಿದರೆ ಹೊತ್ತು ಮುಳುಗುವ ಮುಂಚೆ ಈ ಊರುಗಳಿಗೆ ಬಂದು ಹೋಗಬಹುದಾಯಿತು.

ಆದರೆ ಆಗ ಟೇಪು ದುಬಾರಿ. ಪ್ರಸಾರ ಮುಗಿದ ಸುರುಳಿಯ ಮೇಲೆ ಮುಂದಿನ ವಾರದ ಮಾತು ಹಿಡಿಯುತ್ತಿದ್ದರು. ಹಾಗೆ ಅಳಿದ ದನಿಗಳು ಎಷ್ಟೋ. ಆದರೆ ಕೆಲವರು ಮನೆಯಲ್ಲಿ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟುಕೊಂಡಿರುತ್ತಾರೆ, ಹಿಂದೆ ಕೋಳಿಯ ಕೂಗೂ ಸೇರಿರುತ್ತದೆ. ನಿಮ್ಮ ಅಟ್ಟದಲ್ಲಿ ಅಂಥ ಕ್ಯಾಸೆಟ್ ಸಿಕ್ಕರೆ, ಮೇಲೆ 'ಮದುವೆ' ಎಂದು ಬರೆದಿದ್ದರೂ, ಎರಡೂ ಬದಿ ಕೇಳಿ.