ಗುಟ್ಟು ಕೊಟ್ಟ ಮೇಲೆ ಗಳಿಗೆ ಕಳೆಯಬೇಡಿ

(ರಾಜಾಜಿನಗರದಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ, ಬೆಲೆ ಏರಿಕೆ ಇವುಗಳ ಮಾತು ಬರುತ್ತದೆ. ಇಂದು ನಾವು ಎತ್ತಿಕೊಂಡಿರುವುದು ಅದರ ಮುಂದಿನ ಮಾತು. ಹೋರಾಡಿ ಪಡೆದ ಕೂಲಿ, ಬೆಳಗಿನಿಂದ ರಾತ್ರಿಯವರೆಗೆ ನಿಂತು ಗಳಿಸಿದ ವ್ಯಾಪಾರದ ದುಡ್ಡು, ಖಾತೆಗೆ ಬಂದ ಮೇಲೆ ಅಲ್ಲಿ ಉಳಿಯಬೇಕಷ್ಟೆ? ಅದು ಉಳಿಯದೆ ಹೋಗುತ್ತಿರುವ ಸಂಗತಿ ಇಲ್ಲಿ ಕುಳಿತಿರುವ ಎಷ್ಟೋ ಮನೆಗಳಿಗೆ ಗೊತ್ತು. ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಮುರಿಯಬೇಕೆಂದೇ ನಾವು ನಿಂತಿದ್ದೇವೆ.

ಕಾಮಾಕ್ಷಿಪಾಳ್ಯದ ಒಬ್ಬ ತಾಯಿಯ ಕಥೆಯಿಂದ ಆರಂಭಿಸುತ್ತೇವೆ. ಆಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದುಡಿಯುವವರು. ಹೆಸರು ಬೇಡ. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು. "ನಿಮ್ಮ ಖಾತೆಯ ಕೆವೈಸಿ ಮುಗಿದುಹೋಗಿದೆ, ಇವತ್ತು ಸರಿಮಾಡದಿದ್ದರೆ ಈ ತಿಂಗಳ ಸಂಬಳ ಬರುವುದಿಲ್ಲ" ಎಂದು ಒಬ್ಬ ಒಳ್ಳೆಯ ಕನ್ನಡದಲ್ಲಿಯೇ ಹೇಳಿದ. ವಾಟ್ಸಾಪಿಗೆ ಒಂದು ಕೊಂಡಿ ಕಳಿಸಿದ. ಒತ್ತಿದರೆ ಫೋನಿನೊಳಗೆ ಒಂದು ಆ್ಯಪ್ ಇಳಿಯಿತು. ಅದು ಕೇಳಿದಂತೆ ಖಾತೆ ಸಂಖ್ಯೆ, ಕಾರ್ಡಿನ ಸಂಖ್ಯೆ, ಗುಟ್ಟಿನ ಪಿನ್ ಎಲ್ಲವನ್ನೂ ತುಂಬಿದರು. ಬಸ್ಸು ಬಂತು, ಹತ್ತಿದರು. ಕಾರ್ಖಾನೆಯ ಗೇಟಿನಲ್ಲಿ ಎಂದಿನಂತೆ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ಮನಸ್ಸಿನಲ್ಲಿ ಅನುಮಾನ ಹುಟ್ಟಿತು. ಹೇಳುವುದು ಯಾರಿಗೆ? ಸೂಪರ್‌ವೈಸರ್ ಗದರುತ್ತಾನೆ, ಗೆಳತಿಯರು ನಗುತ್ತಾರೆ, ಗಂಡ ಬಯ್ಯುತ್ತಾನೆ. ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ. ಇತ್ತ ಪೆಟ್ಟಿಗೆಯಲ್ಲಿದ್ದ ಫೋನು ಕಳ್ಳನ ಆಳಾಗಿ ದುಡಿಯುತ್ತಿತ್ತು. ಬ್ಯಾಂಕು ಕಳಿಸಿದ ಒಟಿಪಿಗಳನ್ನು ಆ ಆ್ಯಪ್ ಅವನಿಗೆ ರವಾನಿಸುತ್ತಿತ್ತು. ಸಂಜೆ ಫೋನು ತೆಗೆದಾಗ ನಾಲ್ಕು ಮೆಸೇಜು. ಮೊದಲನೆಯ ಕಂತು ಬೆಳಿಗ್ಗೆಯೇ ಹೋಗಿತ್ತು. ಉಳಿದ ಮೂರು ಹೋದದ್ದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ. ಮಗಳ ಕಾಲೇಜಿನ ಫೀಸಿಗೆಂದು ಕೂಡಿಟ್ಟ ದುಡ್ಡು ಅದು.

ಮಿತ್ರರೇ, ಮೊದಲನೆಯ ಕಂತನ್ನು ಕಳ್ಳ ಕದ್ದ. ಉಳಿದ ಮೂರನ್ನು ಕದಿಯುವುದಕ್ಕೆ ಆಕೆಯ ನಾಚಿಕೆ ಅವನಿಗೆ ನೆರವಾಯಿತು. ನಾವು ಇಂದು ಹೇಳಬೇಕಾದ ಮಾತು ಇಷ್ಟೇ: ಗುಟ್ಟು ಕೊಟ್ಟದ್ದು ತಪ್ಪಾದರೂ ಆಗಲಿ, ಕೊಟ್ಟೆನೆಂದು ಹೇಳಲು ತಡಮಾಡುವುದು ಅದಕ್ಕಿಂತ ದೊಡ್ಡ ನಷ್ಟ.

ಆಕೆ ನಂಬಿದ್ದು ದಡ್ಡತನದಿಂದಲ್ಲ. ನಾವೇ ನೋಡಿದ್ದೇವಲ್ಲ. 2017ರ ಏಪ್ರಿಲ್ 1ರಂದು ನಮ್ಮ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಕ್ಕೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಬೋರ್ಡು ಬದಲಾಯಿತು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು. ಕೆವೈಸಿ ಕಾಗದಗಳನ್ನು ಮತ್ತೆ ತನ್ನಿ ಎಂದು ಬ್ಯಾಂಕುಗಳೇ ನಿಜವಾಗಿ ಕೇಳುತ್ತವೆ. ಇಷ್ಟೆಲ್ಲ ಬದಲಾವಣೆಗಳ ನಡುವೆ ಇನ್ನೊಬ್ಬ ಕರೆಮಾಡಿ "ಬ್ಯಾಂಕಿನಿಂದ" ಎಂದರೆ ದುಡಿಯುವ ಮನುಷ್ಯ ನಂಬಿದ್ದರಲ್ಲಿ ಆಶ್ಚರ್ಯವೇನು? ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಇಂಥ ಮೋಸಗಳಿಂದ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ ರೂಪಾಯಿ. ಓದಿದವರೂ, ಅಧಿಕಾರಿಗಳೂ, ವೈದ್ಯರೂ ಇದರಲ್ಲಿ ಮೋಸಹೋಗಿದ್ದಾರೆ. ನಾಚಿಕೆಪಡಬೇಕಾದವನು ಕದ್ದವನು, ಕಳೆದುಕೊಂಡವನಲ್ಲ.

ಈಗ ಕಾನೂನಿನ ಮಾತು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿ, ಗ್ರಾಹಕನ ಒಪ್ಪಿಗೆಯಿಲ್ಲದೆ ಖಾತೆಯಿಂದ ಹಣ ಹೋದರೆ ನಷ್ಟ ಯಾರದು ಎಂದು ಗೊತ್ತುಮಾಡಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಅಂಥದೇ ಆದೇಶ ಹೋಯಿತು. ಅದರ ತಿರುಳು ಹೀಗಿದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಆಯಿತು ಎಂದಾದರೆ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ಗ್ರಾಹಕನೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.

ಈ ಕೊನೆಯ ಮಾತನ್ನು ಗಮನಿಸಿ. ಗಂಟೆ ಹತ್ತಕ್ಕೆ ತಿಳಿಸಿದರೆ ಹನ್ನೆರಡಕ್ಕೆ ಹೋಗುವ ಹಣಕ್ಕೆ ಬ್ಯಾಂಕು ಹೊಣೆ. ಸಂಜೆ ಆರಕ್ಕೆ ತಿಳಿಸಿದರೆ ಹನ್ನೆರಡಕ್ಕೆ ಹೋದ ಹಣಕ್ಕೆ ನೀವೇ ಹೊಣೆ. ದೂರು ಕೊಟ್ಟ ಗಳಿಗೆಯೇ ಹೊಲದ ಬದುವಿನಂತೆ ಗಡಿ. ಆದಕಾರಣ ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳದೆ ಫೋನು ಇಡಬೇಡಿ. ಇಂಥ ದೂರನ್ನು ಹಗಲು ರಾತ್ರಿ ಎನ್ನದೆ ತೆಗೆದುಕೊಳ್ಳಬೇಕು, ಸಂಖ್ಯೆ ಕೊಡಬೇಕು, ಗ್ರಾಹಕನ ತಪ್ಪೆಂದು ಸಾಧಿಸುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ ಎಂದು ಅದೇ ಸುತ್ತೋಲೆ ವಿಧಿಸಿತು.

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು" ಎಂದು ಹಿರಿಯರು ಗೇಲಿಮಾಡುತ್ತಿದ್ದರು. ಈ ಕೊಳ್ಳೆಯಲ್ಲಿ ಆ ಗೇಲಿ ಸಲ್ಲದು. ಖಾತೆಯಿಂದ ಹೊರಟ ಹಣ ಕೂಡಲೇ ಕಳ್ಳನ ಜೇಬಿಗೆ ಬೀಳುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗಿ ಕಡೆಗೆ ಎಲ್ಲೋ ಒಂದು ಕಡೆ ನಗದಾಗುತ್ತದೆ. ನಗದಾಗುವ ಮೊದಲು ಬಾಗಿಲು ಹಾಕಿದರೆ ಕೊಳ್ಳೆಯ ಮಾಲು ಕೋಟೆಯೊಳಗೇ ಸಿಕ್ಕುತ್ತದೆ. ಈ ಬಾಗಿಲು ಹಾಕುವುದಕ್ಕೆಂದೇ ಕೇಂದ್ರ ಗೃಹ ಇಲಾಖೆ 2021ರಲ್ಲಿ ಒಂದು ವ್ಯವಸ್ಥೆ ಮಾಡಿತು. ಅದರ ಫೋನು ಸಂಖ್ಯೆ 1930. ಅಲ್ಲಿಗೆ ದೂರು ಹೋದರೆ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಮುಟ್ಟಿ, ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ.

ಹಾಗಾದರೆ ಗುಟ್ಟು ಕೊಟ್ಟೆವೆಂದು ಅನುಮಾನ ಬಂದ ಕೂಡಲೇ ಮಾಡತಕ್ಕದ್ದೇನು? ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ಯಾವುದಾದರೂ ಕೊಂಡಿ ಒತ್ತಿ ಆ್ಯಪ್ ಇಳಿಸಿಕೊಂಡಿದ್ದರೆ ಆ ಫೋನಿನ ಇಂಟರ್‌ನೆಟ್ ಸಂಪರ್ಕ ಕಡಿಯಿರಿ. ಫ್ಲೈಟ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ. ಮುಂದಿನ ಕರೆಗಳನ್ನೆಲ್ಲ ಪಕ್ಕದವರ ಫೋನಿನಿಂದ ಮಾಡಿ.

ಎರಡನೆಯದು, ಬ್ಯಾಂಕಿಗೆ ಕರೆಮಾಡಿ. ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೋ ಪಾಸ್‌ಬುಕ್ಕಿನಿಂದಲೋ ತೆಗೆದುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ಅಲ್ಲಿ ಬ್ಯಾಂಕಿನ ಹೆಸರಿನಲ್ಲಿ ಕಳ್ಳರೇ ತಮ್ಮ ಸಂಖ್ಯೆಗಳನ್ನು ಹಾಕಿಕೊಂಡು ಕಾದಿರುತ್ತಾರೆ. ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ ಎಂದು ಕೇಳಿ.

ಮೂರನೆಯದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಖಾತೆ ಸಂಖ್ಯೆ, ಹೋದ ಮೊತ್ತ, ಹೋದ ವೇಳೆ, ಮೆಸೇಜಿನಲ್ಲಿರುವ ವ್ಯವಹಾರದ ಸಂಖ್ಯೆ, ಕಳ್ಳನ ಫೋನು ಸಂಖ್ಯೆ ಇವನ್ನು ಕೈಯಲ್ಲಿ ಹಿಡಿದಿರಿ. ಸೈಬರ್ ಅಪರಾಧಗಳ ಸರ್ಕಾರಿ ಜಾಲತಾಣದಲ್ಲಿಯೂ ಈ ದೂರು ದಾಖಲಿಸಬಹುದು. ಓದುವ ಮಕ್ಕಳಿದ್ದರೆ ಅವರಿಂದ ಮಾಡಿಸಿ. ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ನಾಲ್ಕನೆಯದು, ಬ್ರಾಂಚಿಗೆ ಹೋಗಿ ಎರಡು ಪ್ರತಿ ಅರ್ಜಿ ಬರೆದುಕೊಟ್ಟು, ಒಂದರ ಮೇಲೆ ಮೊಹರೂ ತಾರೀಖೂ ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಐದನೆಯದು, ಪೊಲೀಸು. ಇಂಥ ಅಪರಾಧಗಳಿಗೆಂದು ದೇಶದಲ್ಲಿಯೇ ಮೊದಲ ಪ್ರತ್ಯೇಕ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. "ಇದು ನಮ್ಮ ಸರಹದ್ದಲ್ಲ, ಅಲ್ಲಿಗೆ ಹೋಗಿ" ಎಂದು ಯಾರಾದರೂ ಅಟ್ಟಿದರೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸರಹದ್ದು ಯಾವುದೇ ಇದ್ದರೂ ದೂರು ಕೊಡುವ ಹಕ್ಕು ನಿಮಗಿದೆ. ಕೆಂಗೇರಿಯವರು ವಿಜಯನಗರದಲ್ಲಿ ಕೊಟ್ಟರೂ ಅದು ದೂರೇ.

ಕೊಟ್ಟ ಗುಟ್ಟು ಯಾವುದು ಎಂಬುದರ ಮೇಲೆ ಅಪಾಯವೂ ಹೆಚ್ಚು ಕಡಿಮೆ. ಬರಿಯ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಟ್ಟಿದ್ದರೆ ಎದೆ ಒಡೆದುಕೊಳ್ಳಬೇಡಿ, ಅವು ಪ್ರತಿ ಚೆಕ್ಕಿನ ಮೇಲೂ ಇರುತ್ತವೆ. ಅಷ್ಟರಿಂದಲೇ ಹಣ ತೆಗೆಯಲಾಗದು. ಅದನ್ನು ಹಿಡಿದು ಅವನು ಮತ್ತೊಮ್ಮೆ ಕರೆಮಾಡುತ್ತಾನೆ, ಎಚ್ಚರವಿರಲಿ. ಕಾರ್ಡಿನ ಸಂಖ್ಯೆಯನ್ನೂ ಹಿಂದಿನ ಮೂರು ಅಂಕಿಯನ್ನೂ ಕೊಟ್ಟಿದ್ದರೆ ಆ ಕಾರ್ಡು ಸತ್ತಿತೆಂದು ತಿಳಿದು ಹೊಸದು ಪಡೆಯಿರಿ. ಪಿನ್, ಪಾಸ್‌ವರ್ಡು, ಒಟಿಪಿ ಕೊಟ್ಟಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ. ಹಿಂದೆ ಬಡ್ಡಿ ಸಾಹುಕಾರ ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಮೇಲೆ ತನಗೆ ಬೇಕಾದ್ದನ್ನು ಬರೆದುಕೊಳ್ಳುತ್ತಿದ್ದ. ಒಟಿಪಿ ಎಂದರೆ ಆ ಹೆಬ್ಬೆಟ್ಟು. ಅಂಗಡಿಯವರು ಇನ್ನೊಂದು ನೆನಪಿಡಿ: ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. "ದುಡ್ಡು ಕಳಿಸಿದ್ದೇನೆ, ಪಿನ್ ಒತ್ತಿ" ಎಂದವನು ಕೊಡಲು ಬಂದವನಲ್ಲ, ಕೀಳಲು ಬಂದವನು.

ಇನ್ನು ಎರಡನೆಯ ಕಳ್ಳನ ಸಂಗತಿ. ಹಣ ಹೋದ ಕೆಲವು ದಿನಕ್ಕೆ ಮತ್ತೊಬ್ಬ ಕರೆಮಾಡಿ "ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಡುತ್ತೇವೆ, ಶುಲ್ಕ ಕಟ್ಟಿ" ಎನ್ನುತ್ತಾನೆ. ಬೆಂದ ಗಾಯದ ಮೇಲೆ ಬರೆ ಎಳೆಯಲು ಬಂದವನು ಅವನು. 1930ರವರು ಶುಲ್ಕ ಕೇಳುವುದಿಲ್ಲ. ತಡೆಹಿಡಿದ ಹಣವನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗಿ ಬರಬಹುದು, ಅದಕ್ಕೆ ದಿನ ಹಿಡಿಯುತ್ತದೆ. ಮಧ್ಯವರ್ತಿಯಿಂದ ಬೇಗ ಆಗುವುದಿಲ್ಲ.

ಕದ್ದ ಹಣ ಹಾರುವುದು ಯಾರ ಖಾತೆಗಳಿಗೆ ಎಂದೂ ಕೇಳಬೇಕು. ಎಷ್ಟೋ ಸಲ ಅದು ನಮ್ಮಂಥ ಬಡವರ ಖಾತೆಗಳಿಗೇ. "ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗಿಷ್ಟು ಕೊಡುತ್ತೇನೆ" ಎಂದು ಕೆಲಸವಿಲ್ಲದ ಹುಡುಗರನ್ನು ಹಿಡಿಯುತ್ತಾರೆ. ಪೊಲೀಸರು ಬಂದಾಗ ಸಿಕ್ಕುವವನು ಆ ಹುಡುಗ, ಕಳ್ಳನಲ್ಲ. ಒಬ್ಬ ಕೂಲಿಕಾರನ ಖಾತೆಯಿಂದ ಇನ್ನೊಬ್ಬ ಕೂಲಿಕಾರನನ್ನು ದೋಚುವ ಈ ದಾರಿಗೆ ನಮ್ಮ ಮನೆಯ ಮಕ್ಕಳು ಹಲಗೆಯಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಕಡೆಯದಾಗಿ, ಒಬ್ಬೊಬ್ಬರಾಗಿ ಎಚ್ಚರವಿರುವುದು ಸಾಲದು. ಪೀಣ್ಯದಲ್ಲಿ, ಮಾಗಡಿ ರಸ್ತೆಯಲ್ಲಿ, ಮೈಸೂರು ರಸ್ತೆಯಲ್ಲಿ ದುಡಿಯುವ ಸೋದರಿಯರ ಫೋನು ಇಡೀ ಪಾಳಿ ಗೇಟಿನಲ್ಲಿಯೇ ಉಳಿದರೆ, ಕಾನೂನಿನ ಗಡಿಯಾರ ಹೊರಗೆ ಓಡುತ್ತದೆ, ಅವರು ಒಳಗೆ ಯಂತ್ರ ತುಳಿಯುತ್ತಿರುತ್ತಾರೆ. ಆದ್ದರಿಂದ ನಾವು ಆಡಳಿತದವರನ್ನು ಕೇಳುವುದು ಇಷ್ಟೆ: ಬ್ಯಾಂಕಿನ ಮೋಸವಾಗಿದೆ ಎಂದು ಕೆಲಸಗಾರರು ಹೇಳಿದರೆ, ಪ್ರಶ್ನೆ ಹಾಕದೆ, ಕೂಲಿ ಹಿಡಿಯದೆ, ಅರ್ಧ ಗಂಟೆ ಬಿಡಿ, ಕಚೇರಿಯ ಫೋನು ಕೊಡಿ. ಅರ್ಧ ಗಂಟೆಯಲ್ಲಿ ಕಾರ್ಖಾನೆ ಮುಳುಗುವುದಿಲ್ಲ, ಒಂದು ಸಂಸಾರ ಉಳಿಯುತ್ತದೆ. ಪ್ರತಿ ಇಲಾಖೆಯಲ್ಲಿ ಒಬ್ಬ ಸಂಗಾತಿ ಈ ಕೆಲಸಕ್ಕೆ ನಿಲ್ಲಲಿ, ಯಾರು ಬಂದು ಹೇಳಿದರೂ ಬಯ್ಯದೆ ಕೇಳಲಿ. ಅಂಗಡಿಯವರು ಒಂಟಿಯಾಗಿ ಕುಳಿತಿರುವಾಗ ಪಕ್ಕದ ಅಂಗಡಿಯವರು ಗಲ್ಲಾಪೆಟ್ಟಿಗೆ ನೋಡಿಕೊಂಡು ಅವರನ್ನು ಬ್ಯಾಂಕಿಗೆ ಕಳಿಸಲಿ. 1930 ಎಂಬ ನಾಲ್ಕು ಅಂಕಿ ನೋಟೀಸು ಹಲಗೆಯ ಮೇಲೂ ಗೋಡೆಯ ಮೇಲೂ ದೊಡ್ಡದಾಗಿ ಇರಲಿ.

ಮನೆಯಲ್ಲಿಯೂ ಒಂದು ಮಾತು ನಡೆಯಲಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೂ ಗಂಡನಿಗೂ ವಯಸ್ಸಾದ ತಂದೆ ತಾಯಿಗೂ ಹೇಳಿ: "ಯಾರಿಗಾದರೂ ಏನಾದರೂ ಕೊಟ್ಟುಬಿಟ್ಟಿದ್ದರೆ ಈಗಲೇ ಹೇಳಿ, ನಾವು ಬಯ್ಯುವುದಿಲ್ಲ." ಆ ಮಾತನ್ನು ಅಂದು ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಆ ತಾಯಿಗೆ ಯಾರಾದರೂ ಹೇಳಿದ್ದರೆ ಮೂರು ಕಂತು ಉಳಿಯುತ್ತಿತ್ತು.